ಮಾವ ಇಳಿಜಾರಿನಲ್ಲಿ ಉಳಿಸಿದ ಪೆಟ್ರೋಲು

ಚತುಷ್ಪಥದ ಕೆಲಸ ಶುರುವಾದ ಮೇಲೆ ಕುಂದಾಪುರದಿಂದ ಬೈಂದೂರಿನವರೆಗಿನ ಕೆಂಪು ಧೂಳನ್ನೆಲ್ಲ ನಮ್ಮ ಸೋದರಮಾವನ ಹಳೆಯ ಕಾರು ಒಂದೇ ಉಸಿರಿಗೆ ಎಳೆದುಕೊಂಡಿತ್ತು. ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ಫಿಲ್ಟರು ಗದ್ದೆಯ ಹೆಂಟೆಯಂತಾಗಿತ್ತು. ಗಾಳಿ ಸಾಲದೆ ಕಾರು ಕೆಮ್ಮುತ್ತಿತ್ತು, ಕಪ್ಪು ಹೊಗೆ ಬಿಡುತ್ತಿತ್ತು, ಪೆಟ್ರೋಲು ಮಾತ್ರ ಮದುವೆಮನೆಯ ಪಾಯಸದಂತೆ ಕುಡಿಯುತ್ತಿತ್ತು. ಆ ಕೆಮ್ಮನ್ನು ನಾನು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದೆನೆಂದರೆ, ಒಮ್ಮೆ ಹಿತ್ತಲಲ್ಲಿ ಕೆಮ್ಮಿದಾಗ ಅಮ್ಮ ತನ್ನ ತಮ್ಮನೇ ಬಂದನೆಂದು ಚಾಕ್ಕೆ ನೀರಿಟ್ಟಿದ್ದರು.

ಮುಂಬೈಯಲ್ಲಿ ಹೋಟೆಲು ನಡೆಸಿ ಬಂದ ಮಾವ ಫಿಲ್ಟರು ಬದಲಿಸುವ ಪೈಕಿಯಲ್ಲ. ಬದಲಿಗೆ ಅವರೊಂದು ಉಪಾಯ ಹುಡುಕಿದ್ದರು. ಇಳಿಜಾರು ಕಂಡಲ್ಲೆಲ್ಲ ಎಂಜಿನ್ ಆರಿಸುವುದು.

"ಇಳ್ಕಲಲ್ ಎಂಜಿನ್ ಎಂತಕೆ? ಗಾಡಿ ಅದ್ರಷ್ಟಕ್ಕೇ ಹೋತ್ತ್."

ನಲವತ್ತು ಹತ್ತಿರವಾದ ಮಾವನಿಗೆ ಆ ಭಾನುವಾರ ಯಡ್ತರೆಯಲ್ಲಿ ಹೆಣ್ಣು ನೋಡುವ ಕಾರ್ಯಕ್ರಮ. ಇದೂ ತಪ್ಪಿದರೆ ಇನ್ನು ಯಾರ ಮನೆಯ ಅವಲಕ್ಕಿಯನ್ನೂ ತಿನ್ನುವುದಿಲ್ಲವೆಂದು ಶಪಥ ಮಾಡಿದ್ದರು. ಅಮ್ಮ ಹಿಂದಿನ ಸೀಟಿನಲ್ಲಿ ಮಲ್ಲಿಗೆ ಹಿಡಿದು ಕೂತಿದ್ದರು. ನಾನು ಮುಂದೆ.

ಹೆಣ್ಣಿನ ಮನೆಗೆ ಇಳಿಯುವ ದಾರಿ ಸಿಕ್ಕಿದ್ದೇ ಮಾವ ಕೀಲಿ ತಿರುಗಿಸಿದರು. ಕಾರು ಸದ್ದಿಲ್ಲದೆ, ಬಹಳ ಗಾಂಭೀರ್ಯದಿಂದ ಇಳಿಯಿತು. ಬ್ರೇಕನ್ನು ಹಗುರ ಮಾಡುವುದು ಎಂಜಿನ್ ಗಾಳಿ ಎಳೆದುಕೊಳ್ಳುವ ಬಲ. ಎಂಜಿನ್ ಆರಿದರೆ ಒಂದೆರಡು ಒತ್ತಿಗಾಗುವಷ್ಟು ಬಲ ಮಾತ್ರ ಉಳಿಯುತ್ತದೆ. ಮಾವ ಅದನ್ನು ತಿರುವಿನಲ್ಲೇ ಶೋಕಿಗೆ ಒತ್ತಿ ಮುಗಿಸಿದ್ದರು. ಅಂಗಳ ಕಾಣುವ ಹೊತ್ತಿಗೆ ಪೆಡಲು ಅರೆಯುವ ಕಲ್ಲಾಗಿತ್ತು. ಎರಡೂ ಕಾಲಲ್ಲಿ ನಿಂತರು. ಕಾರು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ನಾನೂ ಇಲ್ಲದ ಬ್ರೇಕನ್ನು ಒತ್ತುತ್ತಾ ಅಜ್ಜಿಯ ಸ್ವರದಲ್ಲಿ ಕಿರುಚಿದೆ. ಅದು ಮಾತ್ರ ಅನುಕರಣೆಯಲ್ಲ, ಒರಿಜಿನಲ್.

ಕಾರು ಮೆತ್ತಗೆ ಹುಲ್ಲಿನ ರಾಶಿಗೆ ಮೂತಿ ಹಾಕಿ ನಿಂತಿತು. ಪಕ್ಕದಲ್ಲಿ ಕಟ್ಟಿದ್ದ ದನ, ತನ್ನ ಊಟಕ್ಕೆ ಬಂದವರು ಯಾರೆಂದು ನೋಡಿತು.

ಜಗಲಿಯಲ್ಲಿದ್ದ ಹೆಣ್ಣಿನ ಅಪ್ಪ ಎದ್ದು ಬಂದು ಕಿಟಕಿಗೆ ಬಾಗಿದರು. "ಹ್ವಾಯ್, ಒಳ್ಗ್ ಬನ್ನಿ. ಅಲ್ಲೇ ಕೂಕಂಡ್ ಎಂತ ಮಾಡ್ತ್ರಿ?"

ಒಳಗೆ ಮಾವ, ಬ್ರೇಕೇ ಫೇಲಾಯಿತೆಂದೂ ತನ್ನ ಕೈಚಳಕದಿಂದ ಮೂರು ಜೀವ ಉಳಿಯಿತೆಂದೂ ಹಿಂದಿ ಬೆರೆಸಿ ವರ್ಣಿಸಿದರು. ಅಪ್ಪನ ಗೂಡ್ಸ್ ಟೆಂಪೋವನ್ನು ಬ್ರಹ್ಮಾವರದವರೆಗೂ ಓಡಿಸುವ ಹುಡುಗಿ ಅವಲಕ್ಕಿ ತಟ್ಟೆ ಇಡುತ್ತಾ ಕೇಳಿದಳು:

"ಎಂಜಿನ್ ಬಂದ್ ಮಾಡಿದ್ರ್ಯಾ?"

ಮಾವ ಅಮ್ಮನ ಮುಖ ನೋಡಿದರು. ಅಮ್ಮ ಮಾಡಿನ ಹೆಂಚು ನೋಡಿದರು. ನಾನು ಬಾಯಿ ಬಿಡುವ ಮೊದಲೇ ಮಾವ ತಲೆ ತಗ್ಗಿಸಿ, "ಹೌದ್. ಪೆಟ್ರೋಲ್ ಉಳ್ಸುಕೆ" ಎಂದರು. ಮಾವ ನಿಜ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹುಡುಗಿ ನಗಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿ ಅಪ್ಪನಿಗೆ ಹೇಳಿದಳು: "ಗಂಡ್ ಅಡ್ಡಿಲ್ಲ. ಆರೆ ಇನ್ ಎಂಜಿನ್ ಬಂದ್ ಮಾಡೂಕಿಲ್ಲ."

ವಾಪಸು ಬರುವಾಗ ಹೆಮ್ಮಾಡಿಯಲ್ಲಿ ಚಾ ಕುಡಿಯಲು ನಿಂತೆವು. ಹೊರಗೆ ಖಾಲಿ ಕಾರು ಹೊಗೆ ಬಿಡುತ್ತಾ ಕೆಮ್ಮುತ್ತಲೇ ಇತ್ತು. ಮಾವ ಎರಡನೇ ಚಾ ಹೇಳಿದರು. ಕೊನೆಗೆ ಅಮ್ಮನೇ ಎದ್ದು ಹೋಗಿ ಕೀಲಿ ತಿರುಗಿಸಿ ಬಂದರು.