ಕಣವಾದ ವಾಲಿಬಾಲ್ ಅಂಗಳ

ಮುಂಡಗೋಡದ ನಮ್ಮ ವಾಲಿಬಾಲ್ ಸಂಘವನ್ನು ಸಾವಕಾರರು ಕಟ್ಟಿ ಬೆಳೆಸಿದರು ಎಂದು ಈಗಲೂ ಯಾರಾದರೂ ಹೇಳಿದರೆ ನನಗೆ ಹೇಸಿಗೆಯಾಗುತ್ತದೆ. ಆ ಮನುಷ್ಯ ಒಂದು ಬುಟ್ಟಿ ಮಣ್ಣು ಹೊತ್ತವನಲ್ಲ. ಊರ ಹೊರಗೆ ಪಾಳು ಬಿದ್ದ ತನ್ನ ಜಾಗದಲ್ಲಿ ಆಡಿಕೊಳ್ಳಿ ಎಂದ; ಅಧ್ಯಕ್ಷನೆಂದು ಹಾರ ಹಾಕಿಸಿಕೊಂಡ. ಅಷ್ಟೇ.

ಅರವತ್ತರ ದಶಕದ ಮೊದಲ ವರ್ಷಗಳವು. ಧಾರವಾಡದಲ್ಲಿ ಮಠದ ಬೋರ್ಡಿಂಗಿನಲ್ಲಿ ಉಂಡು ಬಿ.ಎ. ಮುಗಿಸಿ ಬಂದಿದ್ದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದವನು ನಾನೇ ಮೊದಲಿಗ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಕಾಲೇಜಿನಲ್ಲಿ ಕಲಿತ ಆಟವನ್ನು ಊರಿಗೆ ತಂದೆ. ಬಸ್ಸು ರಿಪೇರಿ ಮಾಡುತ್ತಿದ್ದ ನನ್ನ ಮುಸ್ಲಿಂ ಗೆಳೆಯ ಹಗ್ಗ ಹೆಣೆದು ನೆಟ್ ಮಾಡಿದ. ಸಂಘವಾಯಿತು.

ಜಾಗದ ತುಂಬ ಕಲ್ಲು, ಮುಳ್ಳು. ಆಟದ ಅಂಗಳ ಮಾಡುವುದು ನಮಗೆಲ್ಲಿ ಗೊತ್ತು? ಗೊತ್ತಿದ್ದದ್ದು ಭತ್ತ ಒಕ್ಕುವ ಕಣ ಮಾಡುವುದು. ಹಾಗೇ ಮಾಡಿದೆವು. ಅಗೆದು, ನೀರು ಹೊಯ್ದು, ಎತ್ತುಗಳಿಂದ ತುಳಿಸಿ, ಬಡಿದು ಗಟ್ಟಿ ಮಾಡಿ, ಸಗಣಿಯಿಂದ ಸಾರಿಸಿದೆವು. ಬರಿಗಾಲಲ್ಲಿ ಜಿಗಿದರೆ ಮನೆಯ ಪಡಸಾಲೆಯಂತಿತ್ತು.

ದಾಂಡೇಲಿಯ ಕಾಗದ ಕಾರ್ಖಾನೆಯ ತಂಡವೊಂದನ್ನು ಭಾನುವಾರದ ಪಂದ್ಯಕ್ಕೆ ಕರೆದೆವು. ಗೆಲ್ಲುವ ಆಸೆ ಇರಲಿಲ್ಲ. ಹೊರಗಿನವರು ಬಂದು ಆಡಿ ಹೋದರೆ ನಮ್ಮದೂ ಒಂದು ಸಂಘ ಅನ್ನಿಸಿಕೊಳ್ಳುತ್ತದೆ, ಅಷ್ಟೇ ಬೇಕಿತ್ತು.

ಅವತ್ತು ಅವರನ್ನು ಕರೆದುಕೊಂಡು ಹೋಗಿ ನೋಡಿದರೆ ಅಂಗಳದ ನಡುವೆ ಮೇಟಿಕಂಬ ನೆಟ್ಟಿದೆ. ಭತ್ತದ ಸಿವುಡುಗಳ ಮೇಲೆ ಎತ್ತುಗಳು ಸುತ್ತು ಹಾಕುತ್ತಿವೆ. ನಾವು ಎಳೆದಿದ್ದ ಸುಣ್ಣದ ಗೆರೆ ಗಂಜಲದಲ್ಲಿ ಕಲಸಿಹೋಗಿದೆ.

"ಏನ್ ಕಣಾ ಮಾಡೀರಪಾ! ಒಂದ ಕಾಳು ಮಣ್ಣಾಗ ಹೋಗವಲ್ದು" ಎಂದ ಸಾವಕಾರ.

"ಸಾವಕಾರ್ರ, ಇವತ್ತ ಮ್ಯಾಚ್ ಐತ್ರಿ. ನಿಮಗ ಹೇಳಿದ್ನೆಲ್ರಿ."

"ಚೆಂಡೇನ್ ಕೊಳೀತೈತೇನು? ಭತ್ತ ತೊಯ್ದರ ನಿಮ್ಮಪ್ಪ ತುಂಬಿ ಕೊಡ್ತಾನೇನು?"

"ನೆಟ್ ಎಲ್ಲೈತ್ರಿ?" ಎಂದು ನನ್ನ ಗೆಳೆಯ ಕೇಳಿದ.

"ಆ ಬಲೀನಾ? ಅದರಾಗ ಹುಲ್ಲು ಕಟ್ಟಿ ಮನೀಗೆ ಕಳಿಸೀನಿ. ಭಾಳ ಗಟ್ಟಿ ಐತಲೇ."

ದಾಂಡೇಲಿಯ ನಾಯಕ ನಗೆಗಾರ. "ನಮ್ಮಲ್ಲೆ ಬರೇ ಕಾಗದಾ ಮಾಡ್ತಾರ. ನೀವು ಆಟದಾಗ ಅನ್ನಾನೂ ಮಾಡ್ತೀರಲ್ರಿ!" ಎಂದ. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು.

"ಹಾಂಗಾರ ನಿಂತೀರಿ ಯಾಕ? ಎಲ್ಲಾರೂ ಕೈ ಹಚ್ಚರಿ, ಲಗೂನ ಮುಗೀತೈತಿ, ಆಮ್ಯಾಲ ಆಡ್ರಿ" ಎಂದ ಸಾವಕಾರ.

ಹಚ್ಚಿದರು! "ಜಾಗಾ ಅವರದೈತಿ, ಬಿಡೋ" ಎನ್ನುತ್ತ ನಮ್ಮ ಆಟಗಾರರೇ ಮೊದಲು ಅಂಗಿ ಕಳಚಿದರು. ಅತಿಥಿಗಳೂ ನಾಚಿಕೆಗೆ ಬಿದ್ದು ಹುಲ್ಲು ಕೊಡವಿದರು. ನಾನೂ ಗೆಳೆಯನೂ ದೂರ ಕುಳಿತೆವು. ಭತ್ತ ತೂರಿ ರಾಶಿ ಮಾಡುವಷ್ಟರಲ್ಲಿ ಹೊತ್ತು ಮುಳುಗುತ್ತ ಬಂತು. ದಾಂಡೇಲಿಯವರ ಬಸ್ಸಿನ ಹೊತ್ತೂ ಆಯಿತು. ಸಾವಕಾರ ಎಲ್ಲರಿಗೂ ಚಹಾ, ಬೆಲ್ಲ ಕೊಡಿಸಿದ. ನಮ್ಮವರು ಕೈಕಟ್ಟಿ ನಿಂತು ಕುಡಿದರು. ಸಾವಕಾರನ ದುರಾಸೆಗಿಂತ ಆ ಕಟ್ಟಿದ ಕೈಗಳು ಹೇಸಿಗೆ ಹುಟ್ಟಿಸಿದವು.

"ಏ ಬಿ.ಎ., ಬಾ ಇಲ್ಲೆ. ಅಧ್ಯಕ್ಷರಿಗೆ ನಾಕ್ ಮಾತು ಚಂದಂಗಿ ಹೇಳು. ಓದಿದ್ದು ಯಾತಕ್ಕ ಮತ್ತ?" ಎಂದ ಸಾವಕಾರ.

"ನಿಮ್ಮ ಕಣಾ ಹೊಗಳಾಕ ನಾ ಓದಿಲ್ರಿ. ಎತ್ತಿಗೆ ಹೇಳ್ರಿ ಥ್ಯಾಂಕ್ಸು, ಅವೂ ದುಡದಾವು" ಎಂದೆ.

ಯಾರೂ ನಗಲಿಲ್ಲ. ನಾವಿಬ್ಬರೇ ನೆಟ್ಟಿನ ಕಂಬ ಕಿತ್ತು ಹೊತ್ತುಕೊಂಡು ಬಂದೆವು. ಗೆಳೆಯ ಮುಂದೆ ಕೆಲಸಕ್ಕೆಂದು ದಾಂಡೇಲಿಗೆ ಹೋಗಿ ಅಲ್ಲಿಯ ತಂಡ ಸೇರಿದ. ನಾನು ಆ ಅಂಗಳಕ್ಕೆ ಮತ್ತೆ ಕಾಲಿಡಲಿಲ್ಲ.

ಸಂಘ ಮಾತ್ರ ನಡೆಯಿತು. ಮರುವರ್ಷ ಸುಗ್ಗಿಗೆ ಮೊದಲು, ಸಾವಕಾರ ಬಾಯಿಬಿಟ್ಟು ಕೇಳುವ ಮುಂಚೆಯೇ, ಆಟಗಾರರು ಹೋಗಿ ಅಂಗಳ ಸಾರಿಸಿ ಕೊಟ್ಟರು.