ಎಲ್ಲರೂ ಜೂನ್ ಒಂದಕ್ಕೆ ಹುಟ್ಟಿದವರು

ನಾನು ಮಾಸ್ತರಿಕೆ ಮಾಡುತ್ತಿದ್ದಾಗ ನಮ್ಮ ಕಡೆಯ ಹಳ್ಳಿಗಳಲ್ಲಿ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟುತ್ತಿದ್ದರು. ಇಂಡಿ ಇರಲಿ, ಸಿಂದಗಿ ಇರಲಿ, ಯಾವ ಹಳ್ಳಿಯ ಸರ್ಕಾರಿ ಶಾಲೆಯ ಜನರಲ್ ರಜಿಸ್ಟರ್ ತೆಗೆದರೂ ಹುಟ್ಟಿದ ತಾರೀಖಿನ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಅದೇ ದಿನ. ತಾಯಂದಿರನ್ನು ಕೇಳಿದರೆ, "ಕಾರಹುಣ್ಣಿವಿ ಇನ್ನ ನಾಕ್ ದಿನಾ ಐತಿ ಅನ್ನೂದ್ರಾಗ ಹಡದೇನ್ರಿ" ಎನ್ನುತ್ತಿದ್ದರು. ಅದನ್ನು ಹಿಡಿದುಕೊಂಡು ಯಾವ ಪಂಚಾಂಗ ತಿರುವುವುದು? ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದೆವು. ಮುಟ್ಟಿತೋ, ಶಾಲೆಗೆ ಬರುವ ವಯಸ್ಸಾಯಿತು. ಬರೆ, ಜೂನ್ ಒಂದು. ಜನನ ಪತ್ರ ಕೇಳುವ ಕಾಲ ಬಂದ ಮೇಲೂ ನನ್ನ ಕೈ ಈ ಚಾಳಿ ಬಿಡಲಿಲ್ಲ. ನನ್ನ ಅಕ್ಷರಗಳು ದುಂಡಗಿದ್ದವು, ಇನ್‌ಸ್ಪೆಕ್ಟರರು ರಜಿಸ್ಟರ್ ನೋಡಿ ಹೊಗಳುತ್ತಿದ್ದರು. ಅಕ್ಷರ ಚೆಂದ ಇದ್ದರೆ ಬರೆದದ್ದೂ ಖರೆ ಎಂದು ನಾನೇ ನಂಬಿಬಿಟ್ಟಿದ್ದೆ.

ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಹೆಡ್‌ಮಾಸ್ತರನಾಗಿದ್ದಾಗ ಆ ಊರಿನ ಸಿಪಾಯಿಯೊಬ್ಬ ರಜೆಯ ಮೇಲೆ ಬಂದಿದ್ದ. ಅವರದು ಆ ಊರಲ್ಲಿ ತಲೆಮಾರುಗಳಿಂದ ಇದ್ದ ಮುಸಲ್ಮಾನ ಮನೆತನ. ರಂಜಾನಿಗೆ ಅವರ ಮನೆಯಿಂದ ಶಾವಿಗೆಯ ಸುರಕುಂಬಾ ಬರದ ವರ್ಷವಿಲ್ಲ. ಶಾಲೆ ಸುರುವಾದ ವಾರ, ಮಗಳ ಕೈ ಹಿಡಿದುಕೊಂಡು ಆಫೀಸಿಗೆ ಬಂದ. ಎರಡು ಜಡೆ, ಹೊಸ ಚಪ್ಪಲಿ, ಹುಡುಗಿ ಅಪ್ಪನ ಪ್ಯಾಂಟು ಬಿಡಲೊಲ್ಲಳು. ಆತ ಕಿಸೆಯಿಂದ ಮಡಚಿದ ಕಾಗದವೊಂದನ್ನು ತೆಗೆದ.

"ಸರ್, ಇದು ನಮ್ಮ ಪಲ್ಟಣದ ಕಾಗದರಿ. ಮನ್ಯಾಗ ಏನ ಆದ್ರೂ, ಲಗ್ನಾ ಆಗ್ಲಿ, ಮಕ್ಕಳಾಗ್ಲಿ, ಇದರಾಗ ಬರಸಬೇಕ್ರಿ. ಪಾರ್ಟ್ ಟೂ ಆರ್ಡರ್ ಅಂತಾರ. ಮಗಳ ಹುಟ್ಟಿದ ತಾರೀಖ ಅಕ್ಟೋಬರ್ ಹದಿನೆಂಟು. ಹಿಂಗ ಬರಕೋರಿ."

ಹೆರಿಗೆ ಮನೆಯಲ್ಲೇ ಆಗಿತ್ತು, ಪಂಚಾಯಿತಿಯಲ್ಲಿ ಯಾರೂ ಬರೆಸಿರಲಿಲ್ಲ. ಆ ಹುಡುಗಿ ಹುಟ್ಟಿದ ದಿನ ಜಗತ್ತಿನಲ್ಲಿ ಎಲ್ಲಾದರೂ ಬರೆದಿದ್ದರೆ ಅದು ಆ ಕಾಗದದಲ್ಲಿ ಮಾತ್ರ. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಒಂದನೆಯ ಇಯತ್ತೆಗೆ ಬೇಕಾದ ವಯಸ್ಸಿಗೆ ನಾಲ್ಕೂವರೆ ತಿಂಗಳು ಕಡಿಮೆ ಬೀಳುತ್ತಿತ್ತು.

"ನಾಕ್ ತಿಂಗಳಾ ಕಡಿಮಿ ಬೀಳತೈತಿ. ಜೂನ್ ಒಂದು ಬರೀತೇನಿ, ಆತಿಲ್ಲೋ?"

"ಹಂಗಾರ ಮುಂದಿನ ವರ್ಷ ಹೆಸರ ಹಚ್ಚತೇನ್ರಿ. ಸುಳ್ಳ ತಾರೀಖ ಬ್ಯಾಡ್ರಿ ಸರ್."

ಸುಳ್ಳು ಎಂಬ ಮಾತಿಗೆ ನನ್ನ ಸಿಟ್ಟು ನೆತ್ತಿಗೇರಿತು. ಸಹ ಶಿಕ್ಷಕರಿಬ್ಬರು ಅಲ್ಲೇ ಕೂತಿದ್ದರು ಬೇರೆ. "ನೋಡಪಾ, ನಿಮ್ಮ ಮಿಲಿಟರಿ ಕಾಯ್ದೆ ಗಡಿ ಮ್ಯಾಲೆ ಇರ್ಲಿ. ಇದು ನನ್ನ ಸಾಲಿ. ಮುಂದಿನ ವರ್ಷ ನೀ ಎಲ್ಲಿರ್ತಿಯೋ ಏನೋ, ಆವಾಗ ಹೆಸರ ಹಚ್ಚಾಕ ಯಾರ ಬರ್ತಾರ?" ಎಂದೆ. ಶಿಕ್ಷಕರು ನಕ್ಕರು. ಆತ ನಗಲಿಲ್ಲ, ಎದುರಾಡಲೂ ಇಲ್ಲ. ದೊಡ್ಡವರು ಹೇಳಿದರೆ ಮುಗಿಯಿತು ಎಂಬುದನ್ನು ಸೈನ್ಯ ಆತನಿಗೆ ಚೆನ್ನಾಗಿ ಕಲಿಸಿತ್ತು. ಆ ಕಾಗದದ ಪ್ರತಿ ಇಟ್ಟುಕೊಂಡು, ಮೂಲೆಯಲ್ಲಿ "ನೋಡಿದೆ" ಎಂದು ಬರೆದು ಸಹಿ ಹಾಕಿ ಫೈಲಿಗೆ ಸೇರಿಸಿದೆ. ರಜಿಸ್ಟರಿನಲ್ಲಿ ಜೂನ್ ಒಂದು ಬರೆದೆ.

ಖರೆ ಕಾರಣ ಬೇರೆಯೇ ಇತ್ತು. ಆ ವರ್ಷ ಮಕ್ಕಳ ಸಂಖ್ಯೆ ಇಳಿದಿತ್ತು, ಇನ್ನೂ ಇಳಿದರೆ ಶಾಲೆಯ ಒಂದು ಹುದ್ದೆ ಹೋಗುತ್ತಿತ್ತು. ನನಗೆ ಒಂದು ತಲೆ ಬೇಕಾಗಿತ್ತು. ಆ ಹುಡುಗಿಯ ಓದಿನ ಚಿಂತೆ ನನಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಾನು ಹೇಳಿದರೂ ನಂಬಬೇಡಿ.

ವರ್ಷಗಳು ಹೋದವು. ನಾನು ನಿವೃತ್ತನಾಗಿ ಇಂಡಿಗೆ ಬಂದು, ಮನೆಯ ಹಿಂದೆ ನಾಲ್ಕು ಲಿಂಬಿ ಗಿಡ ಹಚ್ಚಿಕೊಂಡು, ಬಂದು ಹೋಗುವವರಿಗೆ ಲೋಕದ ತಪ್ಪುಗಳನ್ನು ಎಣಿಸಿ ಹೇಳುತ್ತ ಸುಖವಾಗಿದ್ದೆ. ಒಂದು ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬ ಗಂಡಸು ನೆಟ್ಟಗೆ ನಿಂತಿದ್ದ. ಮೀಸೆ ಬೆಳ್ಳಗಾಗಿತ್ತು, ನಿಲ್ಲುವ ರೀತಿಯಿಂದ ಗುರುತು ಹತ್ತಿತು. ಸೇವೆ ಮುಗಿಸಿ ಬಂದು ಈಗ ಆಲಮಟ್ಟಿ ಕಡೆ ಕಾವಲು ಕೆಲಸ ಮಾಡುತ್ತಿದ್ದ. ಸಂಸಾರ ಬಸವನ ಬಾಗೇವಾಡಿಯಲ್ಲಿತ್ತು. ಎರಡು ಬಸ್ಸು ಬದಲಿಸಿ ಬಂದಿದ್ದ. ನನ್ನ ಹೆಂಡತಿ ಚಹಾ ತಂದಳು. ಆತ ಪ್ಲಾಸ್ಟಿಕ್ ಚೀಲದಿಂದ ಸೈನ್ಯ ಕೊಟ್ಟಿದ್ದ, ಮನೆಯವರ ವಿವರವೆಲ್ಲ ಇರುವ ಡಿಸ್ಚಾರ್ಜ್ ಬುಕ್ಕನ್ನು ತೆಗೆದು, ತೊಡೆಯ ಮೇಲಿಟ್ಟುಕೊಂಡು ಮಾತಾಡಿದ.

ಮಗಳು ಮುದ್ದೇಬಿಹಾಳದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ಮುಗಿಸಿದ್ದಳು. ದನದ ಡಾಕ್ಟರಾಗುವ ಆಸೆ ಅವಳಿಗೆ. ಸೈನಿಕರ ಮಕ್ಕಳಿಗೆ ಬೇರೆ ಸೀಟುಗಳಿರುತ್ತವೆ, ಕಾಲೇಜು ಮುಗಿಯುವವರೆಗೆ ವಿದ್ಯಾರ್ಥಿ ವೇತನವೂ ಉಂಟು. ಅವಳ ಅಂಕಕ್ಕೆ ಸಾಮಾನ್ಯ ಸಾಲಿನಲ್ಲಿ ಸಿಗದ ಸೀಟು ಈ ಸಾಲಿನಲ್ಲಿ ಸಿಗುತ್ತಿತ್ತು. ಆದರೆ ಅದಕ್ಕೆ ಅವಲಂಬಿತಳೆಂಬ ಪತ್ರ ಬೇಕು. ಆ ಪತ್ರ ಕೊಡುವವರು ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದ್ದರು. ಅಪ್ಪನ ಬುಕ್ಕಿನಲ್ಲಿ ಮಗಳು ಹುಟ್ಟಿದ್ದು ಅಕ್ಟೋಬರ್ ಹದಿನೆಂಟು. ಹತ್ತನೆಯ ತರಗತಿಯ ಮಾರ್ಕ್ಸ್ ಕಾರ್ಡಿನಲ್ಲಿ ಜೂನ್ ಒಂದು. ಇಬ್ಬರೂ ಒಂದೇ ಹುಡುಗಿ ಎನ್ನುವುದಕ್ಕೆ ಪುರಾವೆ ತರಲು ಹೇಳಿ ಕಳಿಸಿದ್ದರು.

"ನೌಕರಿ ಮುಗಿದ ಮ್ಯಾಲೂ ಎರಡು ವರ್ಷ ರಿಸರ್ವಿನ್ಯಾಗ ಇದ್ದೇನ್ರಿ," ಎಂದ ಆತ. "ಕರದ್ರ ಮರುದಿನಾನ ಹೊಂಡಬೇಕಿತ್ತು. ಸರ್ಕಾರ ಕೊಡೂದು ಕಡಿಮಿ ಐತಿ ಅಂತ ನನ್ನ ತಕರಾರ ಇಲ್ಲರಿ. ತಗೊಳ್ಳೂ ಬಾಗಲಾ ಭಾಳ ಸಣ್ಣದೈತಿ. ಸಾಲಿಗೆ ಹೆಸರ ಹಚ್ಚೂ ದಿನಾನ ಯಾರರ ನಮ್ಮ ಬುಕ್ ನೋಡಿ ಬರಕೊಂಡ್ರ ಇಷ್ಟೆಲ್ಲಾ ಆಗ್ತಿರಲಿಲ್ಲ. ನೀವು ಒಂದು ಕಾಗದಾ ಬರದು ಕೊಡ್ರಿ ಸರ್. ತಾರೀಖ ಸಾಲ್ಯಾಗ ಹೆಚ್ಚುಕಡಿಮಿ ಆಗೇತಿ ಅಂತ. ವಕೀಲರು ಅಷ್ಟ ಸಾಕು ಅಂದಾರ."

ಹೆಚ್ಚುಕಡಿಮೆ ಎಂದ, ನಿಮ್ಮ ತಪ್ಪು ಎನ್ನಲಿಲ್ಲ. ನನ್ನ ಮರ್ಯಾದೆಗೆ ಜಾಗ ಬಿಟ್ಟೇ ಮಾತಾಡಿದ್ದ. ನನಗೆ ಮಾತ್ರ ಮೊದಲು ನೆನಪಾದದ್ದು ನನ್ನ ಪಿಂಚಣಿ. ದಾಖಲೆ ತಿದ್ದಿದ ಪ್ರಕರಣದಲ್ಲಿ ಯಾವನೋ ಮಾಸ್ತರನ ಪಿಂಚಣಿ ತಡೆಹಿಡಿದರೆಂಬ ಸುದ್ದಿ ತಲೆಯಲ್ಲಿ ಗುಂಯ್‌ಗುಟ್ಟಿತು. ಸಹಿ ಹಾಕಿದ ಕಾಗದ ಎಲ್ಲಿಗೆ ಹೋಗಿ ಯಾರ ಮೇಜಿನ ಮೇಲೆ ಕೂರುತ್ತದೋ.

"ತಂದೆತಾಯಿ ಹೇಳಿದ್ದು ನಾವು ಬರಕೋತೀವಪಾ," ಎಂದೆ. "ಆವಾಗ ನಿಮ್ಮ ಮನ್ಯಾಗ ಏನ ಹೇಳಿದ್ರೋ. ಈಗ ನಾ ರಿಟೈರ್ಡ್ ಮನಷ್ಯಾ. ಸಾಲ್ಯಾಗ ಕೇಳ್ರಿ."

ಆತ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆ ಆಫೀಸು, ಆ ನಗು, ಆ ಮಾತು ಎಲ್ಲ ಆತನಿಗೆ ನೆನಪಿದ್ದವು ಎಂದು ನನಗೆ ಆಗಲೇ ಗೊತ್ತಾಯಿತು. "ಆತ್ರಿ ಸರ್" ಎಂದ. ಬುಕ್ಕನ್ನು ಮತ್ತೆ ಚೀಲಕ್ಕೆ ಹಾಕಿ, ಚಹಾದ ಕಪ್ಪನ್ನು ಪೂರ್ತಿ ಮುಗಿಸಿ ಕೆಳಗಿಟ್ಟು ಎದ್ದ. ಹೆಂಡತಿ ಒಂದು ಚೀಲ ಲಿಂಬಿಹಣ್ಣು ಕೊಟ್ಟಳು. ಅದನ್ನೂ ತೆಗೆದುಕೊಂಡ. ಗೇಟನ್ನು ಸಪ್ಪಳವಾಗದಂತೆ ಹಾಕಿಕೊಂಡು ಹೋದ.

ಹೆಂಡತಿ ಕಪ್ಪು ಎತ್ತುತ್ತ ಕೇಳಿದಳು: "ಬರದವ್ರು ನೀವ ಅಲ್ಲೇನ್ರಿ?"

"ನಿನಗ ಇದೆಲ್ಲಾ ತಿಳಿಯಂಗಿಲ್ಲ, ಸುಮ್ಮನಿರು."

"ನಮ್ಮ ಮಗಳ ತಾರೀಖ ಹೆಂಗ ಬರದ್ರಿ? ದವಾಖಾನಿ ಚೀಟಿ ಮುಂದಿಟಗೊಂಡು, ಎರಡ ಸಲಾ ನೋಡಿ ಬರದ್ರಿ. ಆಕಿದು ಮಾತ್ರ ಜೂನ್ ಒಂದಾಗಲಿಲ್ಲ."

ಅವಳ ಮೇಲೆ ರೇಗಿದೆ. ರೇಗುವುದು ನನಗೆ ಸುಲಭ. ಅವಳು ಕಪ್ಪು ಹಿಡಿದುಕೊಂಡು ಒಳಗೆ ಹೋದಳು, ನಾನು ಲಿಂಬಿ ಗಿಡಗಳಿಗೆ ನೀರು ಬಿಡುತ್ತ ನಿಂತೆ. ನೀರು ಮಡಿ ತುಂಬಿ ಹರಿದು ಬಾಗಿಲವರೆಗೆ ಬಂದರೂ ಗಮನ ಇರಲಿಲ್ಲ. ತಪ್ಪು ಮಾಡಿದ್ದೆ ಎನ್ನುವುದಕ್ಕಿಂತ, ಆತ ಕೊಟ್ಟ ಮರ್ಯಾದೆಯ ಹಿಂದೆ ಅಡಗಿಕೊಂಡೆ ಎನ್ನುವುದೇ ನನ್ನನ್ನು ಹೆಚ್ಚು ಕಾಡುತ್ತಿತ್ತು. ಹಾಗಂತ ಮರುದಿನವೇ ಎದ್ದು ಹೋದೆನೇ? ಇಲ್ಲ. ಇವತ್ತು ನಾಳೆ ಎಂದು ಮೂರು ವಾರ ತಳ್ಳಿದೆ. ಮೊಣಕಾಲು ನೋವು ಎಂದೆ, ಬಿಸಿಲು ಎಂದೆ. ಆ ಮೂರು ವಾರಗಳೇ ಆ ಹುಡುಗಿಗೆ ಬೇಕಾಗಿದ್ದವು ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಅದೂ ಇನ್ನೊಂದು ಸುಳ್ಳಾಗುತ್ತದೆ. ಸೀಟು ಹಂಚುವ ದಿನಗಳ ಸುದ್ದಿಯನ್ನು ದಿನಾ ಪೇಪರಿನಲ್ಲಿ ಓದುತ್ತಿದ್ದೆ.

ಕೊನೆಗೆ ಒಂದು ಮುಂಜಾನೆ ಸಿಂದಗಿಯ ಬಸ್ಸು ಹತ್ತಿದೆ. ಹಳೆಯ ಶಾಲೆಯಲ್ಲಿ ಈಗ ಹೆಡ್‌ಮಾಸ್ತರಿಣಿ ಇದ್ದಾರೆ. ಹುಡುಗಿಯ ತಾರೀಖಿನ ವಿಷಯ ಅವರಿಗೆ ಹೇಳಿದೆ. ಕುರ್ಚಿ ಬಿಟ್ಟುಕೊಟ್ಟು, ನನ್ನ ಅಕ್ಷರವನ್ನು ಹೊಗಳುತ್ತಲೇ ಕಪಾಟಿನಿಂದ ರಜಿಸ್ಟರ್ ತೆಗೆದರು. ಆ ವರ್ಷದ ಪುಟದಲ್ಲಿ ಹದಿನಾರು ಮಕ್ಕಳು, ಹದಿನಾರೂ ಜೂನ್ ಒಂದು. ಆಮೇಲೆ ಅವರು ಅರ್ಜಿಗಳ ಫೈಲು ಬಿಚ್ಚಿದರು. ಕಾಗದಕ್ಕೆ ಚುಚ್ಚಿದ್ದ ಟಾಚಣಿ ತುಕ್ಕು ಹಿಡಿದು ಅದಕ್ಕೇ ಅಂಟಿತ್ತು. ಪಲ್ಟಣದ ಮುದ್ರೆ, ಹುಡುಗಿಯ ಹೆಸರು, ಅಕ್ಟೋಬರ್ ಹದಿನೆಂಟು. ಮೂಲೆಯಲ್ಲಿ ದುಂಡಗೆ, "ನೋಡಿದೆ". ಕೆಳಗೆ ನನ್ನ ಸಹಿ.

ಹೆಡ್‌ಮಾಸ್ತರಿಣಿ ಅದನ್ನು ಓದಿ ನನ್ನ ಕಡೆ ನೋಡಲಿಲ್ಲ. "ಇದು ಇದ್ರ ಸಾಕಲ್ರಿ ಸರ್, ಆ ಹುಡುಗಿ ಕೆಲಸ ಆಗ್ತೈತಿ" ಎಂದಷ್ಟೇ ಹೇಳಿ, ರಸೀದಿ ಬರೆಸಿಕೊಂಡು ಕಾಗದ ಕೊಟ್ಟರು. ನಾನು ಅಲ್ಲಿಂದಲೇ ಬಸವನ ಬಾಗೇವಾಡಿಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ತಪ್ಪು ನಂದು, ಬರೆದುಕೊಡುತ್ತೇನೆ, ಪಿಂಚಣಿ ಹೋದರೆ ಹೋಗಲಿ. ಕಿಟಕಿಯ ಹತ್ತಿರ ಕೂತು ನನ್ನ ಧೈರ್ಯಕ್ಕೆ ನಾನೇ ಸ್ವಲ್ಪ ಹಿಗ್ಗಿದೆ ಕೂಡ. ನಾಚಿಕೆಯಾಗುತ್ತದೆ ಹೇಳಲು, ಆದರೆ ಹಿಗ್ಗಿದ್ದು ನಿಜ.

ಅವರ ಮನೆಯಲ್ಲಿ ಆತ, ಆತನ ಹೆಂಡತಿ, ಮಗಳು ಮೂವರೂ ಇದ್ದರು; ಸಣ್ಣ ಮಗಳು ಶಾಲೆಗೆ ಹೋಗಿದ್ದಳು. ಹುಡುಗಿ ನನಗಿಂತ ಎತ್ತರ ಬೆಳೆದಿದ್ದಳು. ನನ್ನ ಕಾಲು ಮುಟ್ಟಲು ಬಗ್ಗಿದಾಗ ಹಿಂದೆ ಸರಿದೆ. ಕೂರುವ ಮೊದಲೇ ಕಾಗದವನ್ನು ಆತನ ಮುಂದೆ ಇಟ್ಟು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಆತ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಒಳಗಿನಿಂದ ಒಂದು ಛಾಪಾ ಕಾಗದದ ಪ್ರತಿ ತಂದು ನನ್ನ ಕೈಗೆ ಕೊಟ್ಟ.

ಅದು ಆತ ನೋಟರಿಯ ಮುಂದೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ. ಮಗಳು ಹುಟ್ಟಿದ ದಿನವನ್ನು ಅಜ್ಞಾನದಿಂದ ಸೈನ್ಯಕ್ಕೆ ತಪ್ಪಾಗಿ ತಿಳಿಸಿದ್ದೇನೆ, ಶಾಲೆಯ ತಾರೀಖೇ ಸರಿ, ಅದರಂತೆ ನನ್ನ ದಾಖಲೆ ತಿದ್ದಬೇಕು ಎಂದು. ಕೆಳಗೆ ಆತನ ಸಹಿ, ಹುದ್ದೆ, ನಂಬರು. ನಾನು ಬರೆದುಕೊಡಲು ಒಲ್ಲೆ ಎಂದ ಮೇಲೆ ಮಾರ್ಕ್ಸ್ ಕಾರ್ಡು ತಿದ್ದಿಸುವ ದಾರಿ ಮುಚ್ಚಿತ್ತು. ಉಳಿದದ್ದು ಇದೊಂದೇ.

"ಕಳಿಸಿ ಹದಿನೈದು ದಿನಾ ಆತ್ರಿ," ಎಂದ. "ಬದಲಾಗಿ ಬರೂದ್ರಾಗ ಸೀಟ್ ಹಂಚೂದು ಮುಗದೈತಿ. ಇಲ್ಲೇ ಬಿ.ಎಸ್ಸಿ.ಗೆ ಹೆಸರ ಹಚ್ಚೇವಿ."

"ನಾ ಬರದು ಕೊಡ್ತೇನಿ. ಈ ಕಾಗದಾ ಐತಿ, ನನ್ನ ಸಹಿ ಐತಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೇನಿ."

"ಈಗ ಬ್ಯಾಡ್ರಿ ಸರ್." ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. "ನೀವು ಈಗ ಖರೇ ಬರದು ಕೊಟ್ರ, ನಾ ಆಣಿ ಮಾಡಿ ಸುಳ್ಳ ಹೇಳಿದಂಗ ಆಕ್ಕೈತಿ. ಸಣ್ಣ ಮಗಳ ಸೀಟೂ ನಾಳೆ ಇದ ಬುಕ್ಕಿನ ಮ್ಯಾಲೆ ಆಗಬೇಕು. ಈ ಕಾಗದಾ ಯಾರ ಕಣ್ಣಿಗೂ ಬೀಳಬಾರ್ದು. ನಿಮ್ಮ ಹತ್ರ ಇಟ್ಟಗೋರಿ."

ಸುಳ್ಳ ತಾರೀಖ ಬ್ಯಾಡ್ರಿ ಸರ್ ಎಂದಿದ್ದ ಮನುಷ್ಯ. ನನಗೆ ಒಂದು ತಲೆ ಬೇಕಾಗಿತ್ತೆಂದು ಆತನ ಬಾಯಿಂದ ಪ್ರಮಾಣದ ಸುಳ್ಳು ಹೇಳಿಸಿದೆ. ಕೂತಲ್ಲೇ ತಲೆ ತಗ್ಗಿಸಿದೆ, ಕ್ಷಮಿಸು ಎಂದೆ. "ಹಂಗ ಅನಬ್ಯಾಡ್ರಿ, ನೀವು ದೊಡ್ಡವ್ರು" ಎಂದ. ಹುಡುಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಏಳುವಾಗ, ಯಾವ ಕೊಂಕೂ ಇಲ್ಲದೆ, ಒಂದು ಅನುಮಾನ ಬಗೆಹರಿಸಿಕೊಳ್ಳುವವಳಂತೆ ಕೇಳಿದಳು: "ಹಂಗಾರ ಸರ್, ಯಾರರ ಕೇಳಿದ್ರ ನಾ ಇನ್ನ ಮುಂದ ಜೂನ್ ಒಂದು ಅಂತನ ಹೇಳಬೇಕಲ್ರಿ?"

ನಾನು ಹೌದು ಎಂದೆ. ಮಾಸ್ತರನಾಗಿ ಅವಳಿಗೆ ಹೇಳಿಕೊಟ್ಟ ಕೊನೆಯ ಪಾಠ ಅದು.

ಈಗ ತಿಂಗಳಿಗೊಮ್ಮೆ ಹೆಡ್‌ಮಾಸ್ತರಿಣಿ ಕರೆದರೆ ಆ ಹಳೆಯ ಶಾಲೆಗೆ ಹೋಗುತ್ತೇನೆ. ಸುತ್ತಲಿನ ಮಾಜಿ ಸೈನಿಕರು ಬುಕ್ಕು ತಂದಿರುತ್ತಾರೆ. ಮಕ್ಕಳ ತಾರೀಖು ಎರಡೂ ಕಡೆ ತಾಳೆ ನೋಡಿ ಅರ್ಜಿ ತುಂಬಿಕೊಡುತ್ತೇನೆ. ಅವರು ನನ್ನನ್ನು ಹೊಗಳಿದಾಗ ಮುಂದಿನ ಅರ್ಜಿ ಎಳೆದುಕೊಳ್ಳುತ್ತೇನೆ. ಈ ಕೆಲಸಕ್ಕೆ ಇಳಿದ ಕಾರಣ ಯಾರಿಗೂ ಹೇಳಲಾರೆ, ಹೇಳಿದರೆ ಆತ ಸಿಕ್ಕಿಬೀಳುತ್ತಾನೆ. ಆ ಕಾಗದ ನನ್ನ ಪಿಂಚಣಿ ಪುಸ್ತಕದ ಜೊತೆ ಟ್ರಂಕಿನಲ್ಲಿದೆ. ಮೊನ್ನೆ ಅಕ್ಟೋಬರ್ ಹದಿನೆಂಟಕ್ಕೆ ತೆಗೆದು ನೋಡಿದೆ. ಹೆಂಡತಿ ಬಂದು ಏನದು ಎಂದು ಕೇಳಿದಳು. ಅವಳ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಮೂಲೆಯಲ್ಲಿದ್ದ ನನ್ನ ಒಂದೇ ಮಾತನ್ನು ಗಟ್ಟಿಯಾಗಿ ಓದಿದಳು: "ನೋಡಿದೆ."