ಸುಳಿ ಇಲ್ಲದ ಸ್ಟಾಪರ್

ಲೇತ್ ಮಾರಿದ ಮೇಲೆ ಪೀಣ್ಯದ ಶೆಡ್ ಖಾಲಿ ಮಾಡುತ್ತಿದ್ದಾಗ ಮೂಲೆಯಲ್ಲಿ ಹಳೆಯ ಬಿಸ್ಕತ್ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಕಟಿಂಗ್ ಆಯಿಲ್ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಬೆರಳುದ್ದದ ಕಡ್ಡಿಗಳು... ಹಿತ್ತಾಳೆಯವು, ಅಲ್ಯೂಮಿನಿಯಂನವು, ಕಬ್ಬಿಣದ್ದೊಂದು, ತೇಗದ ಮರದ್ದೊಂದು. ಒಂದೂ ಬಳಕೆಯಾದದ್ದಲ್ಲ. ಎಲ್ಲವನ್ನೂ ಮಾಡಿದವನು ನಾನು, ಎಲ್ಲವನ್ನೂ ಬೇಡ ಅಂದವರು ನನ್ನ ಶೆಡ್ಡಿನ ಓನರ್.

ಎಂಬತ್ತರ ದಶಕದ ಆರಂಭ. ಡಿಪ್ಲೊಮಾ ಮುಗಿಸಿ, ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು, ಒಂದು ಸೆಕೆಂಡ್‌ಹ್ಯಾಂಡ್ ಲೇತ್ ಹಾಕಿಕೊಂಡು ಮಾಲೀಕನಾಗಿದ್ದೇನೆ ಎಂದು ನಾನು ಬೀಗುತ್ತಿದ್ದ ಕಾಲ. ಓನರ್ ಪೀಣ್ಯದ ಮೂಲದವರು. ಹೊಲವೆಲ್ಲ ಕೈಗಾರಿಕೆಗೆ ಹೋದ ಮೇಲೆ ಉಳಿದ ಜಾಗದಲ್ಲಿ ಶೆಡ್ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅದಕ್ಕೆ ಮೊದಲು ಜಾತ್ರೆ ಜಾತ್ರೆ ಸುತ್ತಿ ಎತ್ತು ಆರಿಸುವುದರಲ್ಲಿ ಅವರು ಎತ್ತಿದ ಕೈಯಂತೆ. ತಲೆಗೆ ಸದಾ ಟವೆಲ್ ಸುತ್ತಿರುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದು ಲೇತಪ್ಪ ಅಂತ.

ಎತ್ತುಗಳು ಹೋದ ಮೇಲೆ ಕೊಟ್ಟಿಗೆಗೆ ಬಂದದ್ದು ಕಾರು. ಯಾರೋ ಕಾರ್ಖಾನೆ ಮ್ಯಾನೇಜರ್ ರಿಟೈರಾಗಿ ಊರು ಬಿಡುವಾಗ ಕೊಟ್ಟು ಹೋದ, ಕಪ್ಪು ಬಣ್ಣದ, ದುಂಡು ಬೆನ್ನಿನ ಹಳೇ ಇಂಗ್ಲಿಷ್ ಕಾರು. ಓನರ್ ದಿನಾ ಬೆಳಿಗ್ಗೆ ಅದರ ಮೈ ತೊಳೆದು, ಬಾನೆಟ್ ತಟ್ಟಿ ಮಾತಾಡಿಸುತ್ತಿದ್ದರು. ಅದಕ್ಕೋ, ಮುಂಭಾಗದಲ್ಲಿ ಆಯಿಲ್ ಸೋರುವ ಕಾಯಿಲೆ. ಆಯಿಲ್ ಸೀಲ್ ಬದಲಿಸಬೇಕಾದರೆ ಇಂಜಿನ್ನಿನ ಮುಂದಿನ ದೊಡ್ಡ ನಟ್ ಬಿಚ್ಚಬೇಕು. ಸ್ಪ್ಯಾನರ್ ಹಾಕಿ ಎಳೆದರೆ ನಟ್ ಬಿಚ್ಚುತ್ತಿರಲಿಲ್ಲ, ಇಂಜಿನ್ನೇ ಜೊತೆಗೆ ತಿರುಗುತ್ತಿತ್ತು. ಅದಕ್ಕೆ ಇಂಜಿನ್ನಿನ ಒಂದು ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿನೊಳಗೆ ಕಡ್ಡಿಯಂಥ ಸ್ಟಾಪರ್ ಕೂರಿಸಿ, ಮೇಲೆ ಬರುವ ಪಿಸ್ಟನ್ ಅದಕ್ಕೆ ತಾಗಿ ನಿಲ್ಲುವಂತೆ ಮಾಡಬೇಕು. ಮಗಳ ಮದುವೆಗೆ ಹೆಣ್ಣು ಛತ್ರಕ್ಕೆ ಅದೇ ಕಾರಲ್ಲಿ ಹೋಗಬೇಕು ಅನ್ನುವುದು ಓನರ್ ಆಸೆ. ಮದುಮಗನ ಜಾಗ ಮಾತ್ರ ಇನ್ನೂ ಖಾಲಿ ಇತ್ತು.

ಆ ಜಾಗದ ಮೇಲೆ ನನಗೆ ಕಣ್ಣಿತ್ತು. ಅವಳಿಗೂ ಒಪ್ಪಿಗೆ ಇತ್ತು. ಹತ್ತಿರದ ರೇಡಿಯೋ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಅವಳು ಸಂಜೆ ಬರುವಾಗ ನನ್ನ ಶೆಡ್ಡಿನ ಮುಂದೆ ಮಾತ್ರ ಚಪ್ಪಲಿ ಕಿತ್ತು ಹೋಗುತ್ತಿತ್ತು. ಜಾತಿಯ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ನನ್ನ ತಲೆಯ ಮೇಲೆ. ನನಗೆ ನೆತ್ತಿಯಲ್ಲಿ ಎರಡು ಸುಳಿ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಓನರ್ ಎತ್ತಿನ ಸುಳಿ ನೋಡಿದ ಹಾಗೆಯೇ ಗಂಡುಗಳ ಸುಳಿಯನ್ನೂ ನೋಡುತ್ತಿದ್ದರು. ಬಂದ ಗಂಡು ಕಾಲಿಗೆ ಬೀಳಲು ಬಗ್ಗಿದರೆ ಸಾಕು, ಅವರ ಕನ್ನಡಕ ಮೂಗಿನ ತುದಿಗೆ ಬರುತ್ತಿತ್ತು. ನಾನು ನಲ್ಲಿಯಲ್ಲಿ ಮುಖ ತೊಳೆಯುವಾಗ ನನ್ನ ನೆತ್ತಿ ಕಂಡವಳು ಅವಳೇ. ಅಪ್ಪನ ಎದುರು ಟೋಪಿ ತೆಗೀಬೇಡಿ ಅಂದಳು. ಅಂದಿನಿಂದ ಸುಡುವ ಬೇಸಿಗೆಯಲ್ಲೂ ನನ್ನ ತಲೆ ಮೇಲೆ ಖಾಕಿ ಟೋಪಿ.

ಮೊದಲು ಕಬ್ಬಿಣದ ಸ್ಟಾಪರ್ ಮಾಡಿಕೊಟ್ಟೆ. ಪಿಸ್ಟನ್ ಮೆತ್ತನೆಯದು, ಗುಳಿ ಬೀಳುತ್ತೆ ಅಂದರು. ಅದು ನ್ಯಾಯವೇ. ಹಿತ್ತಾಳೆಯದು ಕೊಟ್ಟೆ. ಅದನ್ನು ಬಿಸಿಲಿಗೆ ಹಿಡಿದು, ತುದಿಯನ್ನು ತುಂಬ ಹೊತ್ತು ನೋಡಿ, ಮುಖ ಸಿಂಡರಿಸಿದರು.

"ಇದ್ರ ತುದೀಲಿ ಸುಳಿ ಐತಲ್ಲ ಲೇತಪ್ಪ. ಇದು ಮನೆಗೆ ಆಗಾಕಿಲ್ಲ."

ಲೇತಿನಲ್ಲಿ ತಿರುಗುವ ಲೋಹದ ಮುಖ ಕೊರೆದರೆ ನಡುವಿನಿಂದ ಸುತ್ತುಸುತ್ತಾಗಿ ಗೆರೆ ಬಿದ್ದೇ ಬೀಳುತ್ತದೆ. ಅದು ಸುಳಿಯಲ್ಲ, ಟೂಲಿನ ಗುರುತು ಎಂದು ಬಿಡಿಸಿ ಹೇಳಿದೆ. ಎತ್ತಿಗೂ ದೇವರು ಅಂಗೇ ಗುರುತು ಮಾಡಿರ್ತಾನೆ ಅಂದರು. ಎಮರಿ ಪೇಪರ್ ಹಾಕಿ ಉಜ್ಜಿ, ಕನ್ನಡಿಯ ಹಾಗೆ ಮಾಡಿ ತಂದರೆ ಅನುಮಾನ ಇನ್ನೂ ಜಾಸ್ತಿಯಾಯಿತು. ಕೆಟ್ಟ ಸುಳಿ ಬೋಳಿಸಿ ಎತ್ತು ಮಾರುವ ದಲ್ಲಾಳಿಗಳನ್ನು ಅವರು ಎಷ್ಟೋ ಕಂಡಿದ್ದರಂತೆ. ಅಲ್ಯೂಮಿನಿಯಂ ಆಯಿತು, ಉದ್ದ ಗಿಡ್ಡ ಆಯಿತು, ತುದಿ ಗುಂಡಗೆ ಮಾಡಿದ್ದಾಯಿತು. ಕೊನೆಗೆ ತೇಗದ್ದು ಕೊಟ್ಟರೆ ಮರದ ಗೆರೆಯಲ್ಲೂ ಸುಳಿ ಹುಡುಕಿದರು. ಅಕ್ಕಪಕ್ಕದ ಶೆಡ್ಡಿನವರು ನನ್ನನ್ನು ಕಂಡರೆ ಯಾವ ಹೆಣ್ಣು ಒಪ್ಪಿಗೆಯಾಯಿತು ಗುರು ಎಂದು ಕೇಳಿ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಒಂದು ಕಡ್ಡಿಯ ಸುಳಿಯನ್ನೇ ಬಿಡದವರು ನನ್ನ ನೆತ್ತಿಯನ್ನು ಬಿಡುತ್ತಾರೆಯೇ?

ಒಂದು ಭಾನುವಾರ ನಾನು, ಓನರ್ ಇಬ್ಬರೂ ಕಾರಿನ ಮುಂದೆ ಕೂತು ವಾದ ಮಾಡುತ್ತಿದ್ದೆವು. ಅವಳಿಗೆ ರೋಸಿ ಹೋಗಿತ್ತೇನೋ, ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದ್ದ ಹಳೆಯ ಮೂಗುದಾರ ತಂದು ಅಪ್ಪನ ಮಡಿಲಿಗೆ ಹಾಕಿದಳು. ಎತ್ತು ನಿಲ್ಲಿಸೋಕೆ ಇದೇ ತಾನೆ ಹಾಕ್ತಿದ್ದೆ, ಪಿಸ್ಟನ್ನಿಗೂ ಇದನ್ನೇ ಹಾಕು ಅಂದಳು. ನಾನು ಅದನ್ನು ಹಿಸುಕಿ ನೋಡಿದೆ. ಮೆತ್ತನೆಯ ಹತ್ತಿ ಹಗ್ಗ, ಗುಳಿ ಬೀಳುವ ಮಾತೇ ಇಲ್ಲ. ಓನರ್ ಆ ದಾರವನ್ನು ಕೈಯಲ್ಲಿ ಸವರಿ ಕಣ್ಣು ತುಂಬಿಕೊಂಡರು. ಅದು ಅವರ ಕೊನೆಯ ಎತ್ತಿನದು. ಎಷ್ಟು ಹುಡುಕಿದರೂ ಅದರಲ್ಲಿ ಸುಳಿ ಸಿಗಲಿಲ್ಲ.

ಪ್ಲಗ್ ತೂತಿನೊಳಗೆ ದಾರವನ್ನು ಸ್ವಲ್ಪಸ್ವಲ್ಪವೇ ತುರುಕಿ, ತುದಿ ಹೊರಗೆ ಉಳಿಸಿ, ಇಂಜಿನ್ ತಿರುಗಿಸಿದೆ. ಪಿಸ್ಟನ್ ಮೇಲೆ ಬಂದು ದಾರವನ್ನು ಒತ್ತಿ ಗಪ್ಪಂತ ನಿಂತಿತು. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಜೋತುಬಿದ್ದೆ. ಫಟ್ ಎಂದು ನಟ್ ಬಿಟ್ಟಿತು, ನಾನು ಓನರ್ ಕಾಲ ಬುಡದಲ್ಲಿ ಬೋರಲು ಬಿದ್ದೆ. ಟೋಪಿ ಕಾರಿನಡಿಗೆ ಹೋಯಿತು. ಏಳೋಣವೆಂದರೆ ನೆತ್ತಿಯ ಮೇಲೆ ಒಂದು ಬೆರಳು. ಆ ಬೆರಳು ಮೊದಲ ಸುಳಿ ಮುಟ್ಟಿ, ನಿಧಾನಕ್ಕೆ ಎರಡನೆಯದಕ್ಕೆ ಹೋಯಿತು...

ಬೈಯುತ್ತಾರೆ, ಶೆಡ್ ಬಿಡಿಸುತ್ತಾರೆ ಅಂದುಕೊಂಡೆ. ಅವರು ಕಾರಿನ ಬಂಪರ್ ಮೇಲೆ ಕೂತು, ತಲೆಯ ಟವೆಲ್ ಬಿಚ್ಚಿ, ನನ್ನ ಮುಂದೆ ತಲೆ ಬಗ್ಗಿಸಿದರು. ನರೆತ ಕೂದಲ ನಡುವೆ ಅವರಿಗೂ ಎರಡು ಸುಳಿ.

"ನನ್ನ ಮೊದಲ್ನೇವಳು ವರ್ಷ ತುಂಬೋದ್ರೊಳಗೆ ಸತ್ತೋದ್ಲು ಲೇತಪ್ಪ. ಎಲ್ಡು ಮದ್ವೆ ಅಂದ್ರೆ ಎಲ್ರೂ ನಗ್ತಾರೆ. ಮೊದಲ್ನೇವಳು ಏನಾದ್ಲು ಅಂತ ಯಾರೂ ಕೇಳಾಕಿಲ್ಲ."

ಅವಳು ಅಪ್ಪನ ಪಕ್ಕ ಹೋಗಿ ಕೂತಳು. ಇವರನ್ನು ಬಿಟ್ಟು ಬೇರೆ ಯಾರನ್ನೂ ಮದುವೆ ಆಗುವುದಿಲ್ಲ ಎಂದು ಅವಳು ಹೇಳಿದ್ದು ಅಂದೇ.

ಕೆಲವು ದಿನ ಕಳೆದ ಮೇಲೆ ಓನರ್ ಪುರೋಹಿತರನ್ನು ಕರೆಸಿದರು. ಮೊದಲು ಬಾಳೆಗಿಡಕ್ಕೆ ತಾಳಿ ಕಟ್ಟಿಸಿ ಅಂದರು ಪುರೋಹಿತರು. ಬಾಳೆ ಗೊನೆ ಬಿಟ್ಟ ಮೇಲೆ ಹೇಗೂ ಸಾಯುತ್ತದೆ, ವಿಧಿ ಅಷ್ಟು ದಡ್ಡ ಅಲ್ಲ ಎಂದು ಓನರ್ ಒಪ್ಪಲಿಲ್ಲ. ಕಾರಿಗೆ ಕಟ್ಟಲಿ ಅಂದರು. ಹಾಗೆ ನನ್ನ ಮೊದಲ ಮದುವೆ ಕೊಟ್ಟಿಗೆಯಲ್ಲಿ ಆಯಿತು. ಸ್ಟಿಯರಿಂಗಿಗೆ ನಾನು ಅರಿಶಿನದ ದಾರ ಕಟ್ಟಿದೆ. ವಧುವಿನ ಗೋತ್ರ ಕೇಳಿ ಪುರೋಹಿತರು ಒಂದು ಗಳಿಗೆ ತಡವರಿಸಿದರು. ಅಕ್ಕಪಕ್ಕದ ಶೆಡ್ಡಿನವರು ಅಕ್ಷತೆಯ ಬದಲು ನಟ್ಟು ವಾಷರ್ ಎಸೆದರು. ಮುಂದಿನ ವಾರ ಅದೇ ಕಾರಲ್ಲಿ ಹೆಣ್ಣು ಛತ್ರಕ್ಕೆ ಬಂದಳು. ಯಾರೂ ತಳ್ಳಲಿಲ್ಲ, ಒಂದು ತೊಟ್ಟೂ ಆಯಿಲ್ ಸೋರಲಿಲ್ಲ.

ಬೀಗರೂಟ ಮುಗಿದ ಮಾರನೆಯ ದಿನ ಮಾವ ಕಾರು ತೊಳೆದು, ಹೂವಿನ ಹಾರ ಹಾಕಿ, ಅದನ್ನು ಒಡೆಸಲು ಗುಜರಿಯವನ ಹತ್ತಿರ ಹೊರಟರು. ಇಂಜಿನ್ ಈಗ ತಾನೇ ಸರಿಯಾಗಿದೆ, ಯಾಕೆ ಮಾವ ಎಂದು ಅಡ್ಡ ನಿಂತೆ.

"ಅದಕ್ಕೇ ಕಣಪ್ಪ. ಕೆಟ್ಟಿರೋದನ್ನ ಕೊಟ್ರೆ ವಿಧಿ ಎಲ್ಲಿ ತಗೋತದೆ? ಮೊದಲ್ನೇವಳು ಓಗ್ಬೇಕು."

ಸಂಜೆ ಬಸ್ಸಿನಲ್ಲಿ ವಾಪಸ್ ಬಂದರು. ಟವೆಲ್ ತಲೆಯ ಮೇಲಿರಲಿಲ್ಲ, ಮುಖಕ್ಕೆ ಒತ್ತಿಕೊಂಡಿದ್ದರು. ಆಮೇಲೆ ಅವರು ಕಾರಿನ ಮಾತು ಎತ್ತಲಿಲ್ಲ, ನಾವೂ ಎತ್ತಲಿಲ್ಲ...

ಮಾವ ಹೋಗಿ ಬಹಳ ಕಾಲವಾಯಿತು. ಕೊಟ್ಟಿಗೆ ಇದ್ದ ಕಡೆ ಈಗ ಮೆಟ್ರೋ ಕಂಬ ನಿಂತಿದೆ. ನಾನು ಸುಳಿಗಿಳಿ ನಂಬುವವನಲ್ಲ, ಅಂದೂ ನಂಬಿರಲಿಲ್ಲ. ಆದರೆ ಹೋದ ತಿಂಗಳು ಅವಳಿಗೆ ಎದೆನೋವು ಬಂದು ಐಸಿಯುಗೆ ಸೇರಿಸಿ, ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ, ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಆ ಗುಜರಿಯವನು ಕಾರನ್ನು ನಿಜವಾಗಿಯೂ ಒಡೆದನೋ, ಅಥವಾ ಚೆನ್ನಾಗಿ ಓಡುತ್ತಿದೆ ಎಂದು ಆಸೆಪಟ್ಟು ಯಾರಿಗಾದರೂ ಮಾರಿಬಿಟ್ಟನೋ? ಡಾಕ್ಟರ್ ಹೊರಗೆ ಬಂದು, ಇನ್ನು ಭಯವಿಲ್ಲ, ಒಳಗೆ ಹೋಗಿ ಮಾತಾಡಿಸಿ ಅಂದರು. ಹೋದೆ. ಊಟ ಮಾಡಿದ್ರಾ ಎಂದು ಅವಳು ಗದರಿದಳು. ಹೊರಗೆ ಬಂದು ಗೋಡೆಗೆ ಒರಗಿ, ಒಡೆದಿದ್ದಾರೆ ಮಾವ, ಪೂರ್ತಿ ಒಡೆದಿದ್ದಾರೆ ಎಂದು ಗಟ್ಟಿಯಾಗಿಯೇ ಹೇಳಿದೆ. ಕೇಳಿಸಿಕೊಳ್ಳಲು ಅವರಿರಲಿಲ್ಲ.